ಎಡಗಿವಿ

ಧಾರವಾಡದ ನಾಟಕದವರಿಗೆ ಒಂದು ಜೈಲು ಬೇಕಾಗಿತ್ತು.
ಗೋಡೆ, ಸರಳು, ಬಣ್ಣ ಬಳಿದು ಅವರೇ ಮಾಡಿಕೊಂಡಿದ್ದರು.
ಇಲ್ಲದ್ದು ಅದರ ಸಪ್ಪಳ,
ಬಾಗಿಲು ಮುಚ್ಚಿದ ಮೇಲೂ
ಮುಚ್ಚುತ್ತಲೇ ಇರುವಂಥದ್ದು.

ಅದಕ್ಕೇ ಬಂದೆ ಗದಗಿಗೆ,
ಹತ್ತೊಂಬತ್ತು ವರ್ಷ ಬೀಗ ಹಾಕಿಸಿಕೊಂಡ ಈ ಜಿನ್ನಿಂಗ್ ಫ್ಯಾಕ್ಟರಿಗೆ.
ಹೆಗಲಿಗೆ ರೆಕಾರ್ಡರು, ಕೈಯಲ್ಲಿ ಮೈಕು.
ಗಾಳಿ ತಡೆಯಲು ಅದಕ್ಕೆ ತೊಡಿಸಿದ ಕೂದಲಿನ ಕುಲಾವಿ ನೋಡಿ
ಕಾವಲಿನ ದಾವಲಸಾಬ ನದಾಫರು ಕೇಳಿದರು:
"ಕುರಿಮರಿ ಯಾಕ ತಂದೀರಿ, ಬಾಯಾರ?"

ಬೀಗಕ್ಕೆ ಎಣ್ಣೆ ಬಿಟ್ಟು, ಒಂದು ಬೀಡಿ ಮುಗಿಯುವಷ್ಟು ಕಾದು, ತಿರುವಿದರು.
ಆ ತಿರುವಿನ ಸದ್ದು ಹಿಡಿಯಲಿಲ್ಲ ನಾನು.
ಇನ್ನೂ ಹಳಹಳಿ.

ಒಳಗೆ ಪಾರಿವಾಳ.
ಬಿಸಿಲಿಗೆ ಟಕ್ಕೆಂದು ನಟಿಗೆ ಮುರಿಯುವ ತಗಡು.
ಕಾಂಟಾ ಇದ್ದಲ್ಲಿ ನಾಲ್ಕು ಬೋಲ್ಟು.
ಗೋಡೆಯ ಮೇಲೆ 'ಬೀಡಿ ಸೇದಬಾರದು',
ಅದರ ಬುಡದಲ್ಲೇ ಬೀಡಿ ಒತ್ತಿ ಆರಿಸಿದ ನೂರಾರು ಕರಿ ಚುಕ್ಕೆ.

ಹೆಡ್‌ಫೋನ್ ಏರಿಸಿದೆ. ಎಲ್ಲ ಹತ್ತಿರ ಬಂತು:
ಯಾರೋ ಚಾದರ ಝಾಡಿಸಿದಂತೆ ರೆಕ್ಕೆ,
ಸುಣ್ಣದ ಹಕ್ಕಳೆ ಉದುರಿದ್ದು,
ದೂರದಲ್ಲಿ ಗೂಡ್ಸು ಹೊರಟಿದ್ದು.
ಅದು ಕಿವಿಗೆ ತಲುಪುವ ಮೊದಲೇ
ತೊಲೆಗೆ ಜೋತ ಸರಪಳಿಗೆ ಗೊತ್ತಾಗಿ ಸಣ್ಣಗೆ ಗುಂಯ್‌ಗುಟ್ಟಿದ್ದು.

ಆಮೇಲೆ ಬಲೂನು.
ಇದು ನಮ್ಮ ಕಸಬಿನ ಕಳ್ಳತನ:
ಒಂದು ಏಟಿಗೆ ಒಂದು ಕೋಣೆ ಏನು ಉತ್ತರ ಕೊಡುತ್ತದೋ
ಅಷ್ಟನ್ನು ಒಯ್ದರೆ ಕೋಣೆಯನ್ನೇ ಒಯ್ದಂತೆ.
ಮುಂದೆ ಯಾರ ಮಾತನ್ನಾದರೂ
ಅದರೊಳಗೆ ತಂದು ನಿಲ್ಲಿಸಬಹುದು.

"ನಾ ಊದತೀನಿ ತರ್ರಿ," ಅಂದರು.
ಊದಿದರು. ಕೆಮ್ಮಿದರು. ಊದಿದರು.
"ಇನ್ನು ಮಾತು ಬ್ಯಾಡ್ರಿ," ಅಂದೆ.

ಢಪ್.

ಮೊದಲನೆಯದನ್ನು ಪಾರಿವಾಳ ಕೆಡಿಸಿದವು.
ಎರಡನೆಯದನ್ನು ಮೊಬೈಲು, ನನ್ನದೇ.
ಮೂರನೆಯದಕ್ಕೆ ಪಾರಿವಾಳಕ್ಕೂ ರೂಢಿಯಾಗಿತ್ತು.
ಸದ್ದು ಹೋಯಿತು, ಆಚೆ ಗೋಡೆ ಮುಟ್ಟಿತು,
ತನ್ನ ಮನೆ ಇದು ಹೌದೋ ಅಲ್ಲೋ ಎಂದು ಮೂಲೆ ಮೂಲೆ ತಡವಿ
ಕುಳಿತಿತು.
ನಾಲ್ಕು ಸೆಕೆಂಡು.

ಮೂರೂ ಸಲ ಅವರು ಕತ್ತು ಹೊರಳಿಸಿ
ಬಲಗಿವಿ ಕೊಟ್ಟಿದ್ದರು.
"ಎಡಗಿವಿ ಹೋಗಿ ಮೂವತ್ತು ವರ್ಷಾತ್ರಿ.
ಈ ಸಾಲಿನ್ಯಾಗ ಆರನೇ ಮಷೀನು ನಂದು.
ಎಡಕ್ಕ ಮಷೀನು, ಬಲಕ್ಕ ಮಂದಿ.
ಮಂದೀ ಕಡೀದು ಉಳಕೊಂಡೈತಿ."

ಅವರಪ್ಪ ಕಮಾನು ಹೊತ್ತು ಓಣಿ ಓಣಿಗೆ ಹೋಗಿ
ಗಾದಿಯ ಹತ್ತಿ ಹಿಂಜುತ್ತಿದ್ದರಂತೆ.
ಟಂಯ್ ಟಂಯ್ ಅಂತ
ಆ ತಂತಿ ಮೂರು ಓಣಿ ಆಚೆಗೂ ಕೇಳುತ್ತಿತ್ತಂತೆ.
"ಅದರಿಂದ ಯಾರ ಕಿವೀನೂ ಹೋಗಲಿಲ್ಲ," ಅಂದರು,
ಹತ್ತಿಯ ಮೇಲೆ ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ಹೊರಡುವಾಗ, ಬೀಗ ಹಾಕುತ್ತ:
"ಎಲ್ಲಾ ಹಿಡಕೊಂಡ ಹೊಂಟೀರಿ.
ಅದರಾಗ ನನ್ನ ಎಡಗಿವಿ ಸಿಕ್ಕರ
ತಂದು ಕೊಡ್ರಿ ಮತ್ತ."

ಹುಬ್ಬಳ್ಳಿಯಲ್ಲಿ ನನ್ನ ಕೋಣೆಯ ಗೋಡೆಗೆಲ್ಲ ಹಳೆಯ ಗಾದಿ ಆನಿಸಿದ್ದೇನೆ.
ಅಲ್ಲಿ ಅಷ್ಟು ಗದ್ದಲ ಮಾಡಿದ ಹತ್ತಿ
ಇಲ್ಲಿ ಸದ್ದು ಕುಡಿದು ಸುಮ್ಮನಿರುತ್ತದೆ.
ಕೈದಿಯ ಮಾತು ತಂದೆ, ಕಾವಲಿನವನ ಬೂಟು ತಂದೆ,
ಆ ನಾಲ್ಕು ಸೆಕೆಂಡಿನೊಳಗೆ ಬಿಟ್ಟೆ.
ಜೈಲಾಯಿತು.
ನಿರ್ದೇಶಕರು ಫೋನಿನಲ್ಲೇ ಬೆವರಿದರು.

ಆದರೆ ಮೂರನೆಯ ಬಲೂನು ಒಡೆಯುವ ಮೊದಲು
ಎಡಗಡೆಯ ಚಾನೆಲ್ಲಿನಲ್ಲಿ, ತೀರಾ ತಳದಲ್ಲಿ,
ಒಂದು ಉಸಿರಿದೆ.
ಆಗಷ್ಟೇ ಮೂರು ಬಲೂನು ಊದಿದ,
ಹತ್ತಿಯ ಧೂಳು ಕೂತ ಎದೆಯದು,
ಸುಂಯ್ ಎಂದು ಹೋಗಿ ಸುಂಯ್ ಎಂದು ಬರುವುದು.
ಅಳಿಸಬೇಕಿತ್ತು. ಎರಡು ಗುಂಡಿಯ ಕೆಲಸ.

ಮೊದಲ ಪ್ರಯೋಗದ ಸಂಜೆ, ಜೈಲಿನ ಬಾಗಿಲು ಹಾಕಿದಾಗ,
ಎಡಗಡೆಯ ಸ್ಪೀಕರಿನ ಪಕ್ಕ ಕೂತವರು
ಒಬ್ಬೊಬ್ಬರಾಗಿ
ಹಿಂದೆ ತಿರುಗಿ ನೋಡಿದರು.