ಎಂಟಾಣೆ ಬಾಕಿ

ಶಿರಾದ ಕಡಲೆಕಾಯಿ ಮಿಲ್ಲಿನ ಹಿಂದಿನ ಗೋದಾಮಿನಲ್ಲಿ
ತಿಂಗಳ ಎರಡನೇ ಭಾನುವಾರ ನಾವು ಸಿನಿಮಾ ಹಾಕುತ್ತೇವೆ.
ಪ್ರೊಜೆಕ್ಟರು ಕಾಲೇಜಿನದು, ಬೆಡ್‌ಶೀಟು ನಮ್ಮಮ್ಮನದು,
ಮೂಲೆಯಲ್ಲೊಂದು ಬಿಡದ ಅರಿಸಿನದ ಕಲೆ.
ಯಾವ ದೇಶದ ಆಕಾಶಕ್ಕೂ ಅಲ್ಲೊಂದು ಹಳದಿ ಮೋಡ.

ಇವತ್ತು ಬಂದವರು ಹದಿಮೂರು ಜನ,
ಹದಿನಾಲ್ಕನೆಯವರು ಸೀಬಮ್ಮ.
ಒಂದು ಕಾಲಕ್ಕೆ ಕಂಪನಿ ನಾಟಕದಲ್ಲಿ ಮುಡಿ ಬಿಚ್ಚಿದ ರಾಣಿ,
ಈಗ ಬಸ್‌ಸ್ಟ್ಯಾಂಡಿನ ಹತ್ತಿರ ಎಲೆ-ಅಡಿಕೆ.
ಕುರ್ಚಿ ಬೇಡವೆಂದು ಮೂಟೆಯ ಮೇಲೆ ಕೂತರು,
ಪರದೆಗೆ ಎಷ್ಟು ಹತ್ತಿರವೆಂದರೆ ಅವರ ತುರುಬಿನ ನೆರಳು
ಚಿತ್ರದ ಬೆಟ್ಟಗಳ ನಡುವೆ ಇನ್ನೊಂದು ಗುಡ್ಡ.

ಚಿತ್ರದಲ್ಲಿ ಒಂದು ಹಳೇ ಲಾರಿ, ಮೂವರು ಆಟದವರು:
ಅಕ್ಕ, ತಮ್ಮ, ಕತ್ತಿ ನುಂಗುವ ಮುದುಕ.
ಒಂದೇ ನಾಡಿನ ಜನ ಎರಡಾಗಿ ಹೊಡೆದಾಡುತ್ತಿದ್ದಾರೆ.
ಯಾರು ಯಾವ ಕಡೆಯೆಂದು ಪಿಸುಗುಟ್ಟಲು ಹೋದೆ.
"ಸುಮ್ಕಿರಪ್ಪ, ಟೋಪಿ ಬ್ಯಾರೆ, ಹಸಿವು ಒಂದೇ."

ಭಾಷೆ ಬಾರದು, ಕೆಳಗೆ ಓಡುವ ಅಕ್ಷರ ಓದಲಾರರು,
ಆದರೂ ನಮಗಿಂತ ಒಂದು ಹೆಜ್ಜೆ ಮುಂದೆ.
"ನೋಡು, ಕನ್ನಡಿ ಇಲ್ದೆ ಬಣ್ಣ ಹಚ್ಕತಾ ಅವ್ಳೆ.
ಮಾರ್ಕಂಡಿರಬೇಕು."
ಎರಡು ನಿಮಿಷಕ್ಕೆ ನಮಗೂ ತಿಳಿಯಿತು: ಮಾರಿದ್ದರು, ಆಲೂಗೆಡ್ಡೆಗೆ.
"ಮುದುಕ ಇವತ್ತು ಕತ್ತಿ ನುಂಗಕ್ಕಿಲ್ಲ, ಗಂಟ್ಲು ನಡುಗ್ತೈತೆ."
ನುಂಗಲಿಲ್ಲ. ಸಿಪಾಯಿಗಳು ನಕ್ಕರು.
ಅಂಕದ ಪರದೆಯನ್ನು ಗಾಯಕ್ಕೆ ಕಟ್ಟಲು ಸೀಳಿದಾಗ ಮಾತ್ರ
ಸೀಬಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

ಕೊನೆಯ ಆಟ.
ಅಧಿಕಾರಿ ಒಂದು ಚೀಟಿ ಕೊಡುತ್ತಾನೆ.
ಹಾಸ್ಯದ ನಡುವೆ ಆ ಊರಿನ ರೊಟ್ಟಿ ಸುಡುವವನ ಹೆಸರು ಬರಬೇಕು,
ಮಿಕ್ಕದ್ದನ್ನು ಜನ ನೋಡಿಕೊಳ್ಳುತ್ತಾರೆ.
ಅಕ್ಕ ಚೀಟಿ ಮಡಚಿ ಬಾಯಿಗೆ ಹಾಕಿ
ಮುದುಕನ ಹಾಗೆ ಕತ್ತು ಹಿಂದಕ್ಕೆ ಚಾಚಿ
ನುಂಗುತ್ತಾಳೆ.
ಗುಂಡು. ಆಮೇಲೆ ಬರೀ ಬಿಳಿ, ಹಳದಿ ಕಲೆ.
ಹದಿಮೂರು ಜನ ಚಪ್ಪಾಳೆ ತಟ್ಟಿದೆವು,
ಯಾರೋ ಸೀಟಿ ಹೊಡೆದರು.

ಸೀಬಮ್ಮ ತಟ್ಟಲಿಲ್ಲ.
"ನಾನು ಅಂದೆ" ಎಂದರು.

ಪಾವಗಡದ ಕಡೆ ಒಂದೂರು, ಹೆಸರು ಬೇಡವಂತೆ.
ಮೇಗಲ ಕೇರಿ, ಕೆಳಗಲ ಕೇರಿ, ನಡುವೆ ಒಂದು ಬಾವಿ, ಮೂರು ಕೊಲೆ.
ಎರಡೂ ಕೇರಿಗೆ ಒಂದೊಂದು ರಾತ್ರಿ ಆಟದ ಕರಾರು.
ಅಣ್ಣತಮ್ಮಂದಿರು ಅಣ್ಣತಮ್ಮಂದಿರನ್ನು ಕೊಲ್ಲುವುದನ್ನು
ಅಣ್ಣತಮ್ಮಂದಿರಿಗೆ ತೋರಿಸಿ ದುಡ್ಡು ಎಣಿಸುವ ಕೆಲಸ.
ಮೊದಲ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಕಿವಿಯಲ್ಲಿ
ಗೌಡನ ಆಳು ಒಂದು ಹೆಸರು ಹೇಳಿ ಹೋದ.
ನುಂಗೋಣವೆಂದರೆ ಚೀಟಿಯೂ ಇರಲಿಲ್ಲ.

"ಸೀರೆಗೆ ಕೈ ಹಾಕ್ದೋನ ನೆತ್ರಲ್ಲೇ ಈ ಮುಡಿ ಕಟ್ತೀನಿ
ಅಂತ ಅವನೆಸ್ರು ಕೂಗೋ ಕಡೆ
ಅವನೆಸ್ರು ಕೂಗ್ಲಿಲ್ಲ.
ಚಿಪ್ಪಿಗರ ಪಾಂಡುರಂಗ ಅಂದೆ.
ಕೋರ್ಟಲ್ಲಿ ಸಾಕ್ಷಿ ಹೇಳಿದ್ದ ಅವ್ನು.
ಜನ ಒನ್ಸ್‌ಮೋರ್ ಅಂದ್ರು. ಇನ್ನೊಂದ್ಸಲ ಅಂದೆ.
ರಾಗಾನೂ ಚೆನ್ನಾಗಿ ಬಂತು ಕಣಪ್ಪ, ಅವತ್ತು.
ತೊಟ್ಟಿದ್ದ ರವಿಕೆ ಅವ್ನೇ ಹೊಲ್ದಿದ್ದು, ಹಿಂದಿನ ದಿನ,
ಎಂಟಾಣೆ ಬಾಕಿಗೆ."

ಬೆಳಗಿನ ಜಾವ ಇವರನ್ನೆಲ್ಲ ಲಾರಿ ಹತ್ತಿಸಿದರಂತೆ.
ಕೆಳಗಲ ಕೇರಿಯ ಆಟ ಆಗಲೇ ಇಲ್ಲ.
ಹೊಲಿಗೆ ಮಿಷಿನ್ನು ಉರಿಯುವಾಗ ಬರುವ ವಾಸನೆ,
ಎಣ್ಣೆ, ಬಟ್ಟೆ, ಎಂದು ಅಲ್ಲಿಗೇ ನಿಲ್ಲಿಸಿದರು.
ಒಳಗೆ ಅವನಿದ್ದನೇ ಎಂದು ನಾನು ಕೇಳಲಿಲ್ಲ.
ಕೇಳಬೇಕಿತ್ತೇನೋ.

"ಹೇಳ್ದೆ ಸತ್ತೋಳ್ದು ಸಿನಿಮಾ ಮಾಡ್ತಾರೆ ಬಿಡು"
ಎಂದು ನಕ್ಕರು. ಹಲ್ಲು ಬಿದ್ದ ಕಡೆ ನಾಲಿಗೆ ಕೆಂಪಗೆ ಕಂಡಿತು.

ಎಲ್ಲರೂ ಹೋದ ಮೇಲೆ ವೈರು ಸುತ್ತಲು ಬಗ್ಗಿದೆ.
"ತಡಿ, ಆ ಚೀಟಿ ಕೊಡೋದು ಇನ್ನೊಂದ್ಸಲ ಹಾಕು.
ಬಾಯಿ ತೆರೆಯಕ್ಕೆ ಮುಂಚೆ ನಿಲ್ಸು."
ನಿಲ್ಲಿಸಿದೆ.
ಗೋದಾಮಿನ ಫ್ಯಾನಿನ ಗಾಳಿಗೆ ಬೆಡ್‌ಶೀಟು ಅಲ್ಲಾಡಿ
ಆ ಹೆಂಗಸಿನ ತುಟಿ ಒಂದೇ ಸಮ ಅದುರುತ್ತಿತ್ತು.
ಸೀಬಮ್ಮ ಮೂಟೆಯಿಂದ ಎದ್ದು, ಹತ್ತಿರ ಹೋಗಿ,
ಸುಣ್ಣ ತಾಗಿದ ಅಂಗೈಯಿಂದ
ಬಟ್ಟೆಯನ್ನು ಒತ್ತಿ ಹಿಡಿದರು.