ಬಾಕಿ ಇರಲಿ

ಬಂದರಿನಲ್ಲಿ ನಮ್ಮದು ಉಪ್ಪಿನ ಅಂಗಡಿ.
ತೂತುಕುಡಿಯ ಲಾರಿ ಬಂದರೆ
ಇದಿನಬ್ಬ ಚೀಲ ಇಳಿಸುತ್ತಾನೆ, ನಾನು ಎಣಿಸುತ್ತೇನೆ,
ಇಬ್ಬರೂ ಒಂದೇ ಸಂಖ್ಯೆ ಹೇಳುವುದು ಅಪರೂಪ.
ಆಗ ಅವನದ್ದೇ ಇರಲಿ ಎನ್ನುವುದು ಅಪ್ಪ ಹಾಕಿದ ಪದ್ಧತಿ.
ವರ್ಷದ ಕೊನೆಗೆ ನೋಡಿದರೆ ವ್ಯತ್ಯಾಸ ಎರಡು ಚೀಲ,
ಅದೂ ಕೆಲವೊಮ್ಮೆ ನಮ್ಮ ಕಡೆಗೆ.

ಅಪ್ಪ ಎಲ್ಲಿಯೂ ಬರೆದಿಡದ ಇನ್ನೂ ಕೆಲವು ಇದ್ದವು.
ಬೋಣಿಗೆ ಮೊದಲು ಕಡ ಇಲ್ಲ.
ದೀಪ ಹಚ್ಚಿದ ಮೇಲೆ ಉಪ್ಪು ಹೊರಗೆ ಹೋಗಬಾರದು,
ಹೋಗಲೇಬೇಕಾದರೆ ಅದರ ಹೆಸರು ಹೇಳಬಾರದು.
ಮದುವೆ ಊಟದಲ್ಲಿ ಎದುರು ಕೂತ ಸಾಲಗಾರನಿಗೆ
ಇನ್ನೊಂದು ಸೌಟು ಪಾಯಸ ಹಾಕಿಸು, ಬಾಕಿಯ ಮಾತು ಬೇಡ.
ಮತ್ತೆ, ಮೀನು ಉಪ್ಪಿನಲ್ಲಿರುವಾಗ
ಮೀನಿನವರ ಹತ್ತಿರ ದುಡ್ಡು ಕೇಳಬೇಡ.

ಬೊಕ್ಕಪಟ್ಣದ ವಾರಿಜಕ್ಕ
ಪಗ್ಗುವಿನಲ್ಲಿ ಉಪ್ಪು ಒಯ್ಯುತ್ತಾಳೆ, ಆಟಿಯಲ್ಲಿ ದುಡ್ಡು ತರುತ್ತಾಳೆ,
ಕಡಲಿಗೆ ರಜೆ ಇದ್ದು ಊರಿಗೆಲ್ಲ ಒಣಮೀನು ಬೇಕಾಗುವ ತಿಂಗಳಲ್ಲಿ.
ಇಪ್ಪತ್ತೆರಡು ವರ್ಷ. ಒಮ್ಮೆಯೂ ಪೂರ್ತಿ ತೀರಿಸಿದವಳಲ್ಲ.
ಹನ್ನೆರಡೋ ಹದಿನೈದೋ ರೂಪಾಯಿ ಉಳಿಸಿ
"ಅದು ಇರಲಿ" ಎಂದು ಸೆರಗು ಕೊಡವಿ ಏಳುವಳು.
ನಾನೂ ಇರಲಿ ಎನ್ನುವೆ.
ಜಗಲಿಯಲ್ಲಿ ಬೇಕೆಂದೇ ಮರೆತು ಹೋದ ಕೊಡೆ ಅದು.

ಈ ಸಲ ಲೆಕ್ಕ ಫೋನಿಗೆ ಹತ್ತಿತು.
ಅಳಿಯ ಹಾಕಿಕೊಟ್ಟ ಆ್ಯಪ್. ಒಳ್ಳೆಯದೇ,
ಜಿರಳೆ ತಿನ್ನುವುದಿಲ್ಲ, ತೇವಕ್ಕೆ ಶಾಯಿ ಹರಡುವುದಿಲ್ಲ,
ತೂತುಕುಡಿಗೆ ನಾನು ಕೊಡಬೇಕಾದದ್ದನ್ನೂ ನೆನಪಿಸುತ್ತದೆ,
ತೂತುಕುಡಿಯವರೇ ಇನ್ನೂ ನೆನಪಿಸದಿದ್ದರೂ.
ಅದಕ್ಕೆ ಗೊತ್ತಿಲ್ಲದ್ದು ನಮ್ಮ ತಿಂಗಳುಗಳು.
ಬೇಶದ ಒಂದು ಬೆಳಿಗ್ಗೆ, ನಾನು ಹಲ್ಲುಜ್ಜುವ ಹೊತ್ತಿಗೆ,
ತಾನಾಗಿಯೇ ವಾರಿಜಕ್ಕನಿಗೆ ಬರೆಯಿತು:
ಮಾನ್ಯ ಗ್ರಾಹಕರೇ, ನಿಮ್ಮ ಬಾಕಿ
ಹನ್ನೊಂದು ಸಾವಿರದ ನಾನ್ನೂರ ನಲವತ್ತು.
ಕೂಡಲೇ ಪಾವತಿಸಿ.
ಕೆಳಗೆ ನನ್ನ ಹೆಸರು. ಕೈಮುಗಿದ ಚಿತ್ರ.

ಮೂರನೇ ದಿನ ಬಂದಳು.
ಕೂರಲಿಲ್ಲ. ನೀರು ಬೇಡ ಅಂದಳು.
ಐನೂರರ, ನೂರರ, ಇಪ್ಪತ್ತರ ನೋಟು
ಒಂದರ ಮೇಲೊಂದು ಒತ್ತಿ ಇಟ್ಟು
ಕೊನೆಗೆ ಹತ್ತರ ನಾಲ್ಕು ನಾಣ್ಯ.
ಕಿವಿ ನೋಡಿದೆ. ಬೆಂಡೋಲೆ ಇತ್ತು.
ಕೈ ನೋಡುವ ಧೈರ್ಯ ಬರಲಿಲ್ಲ.
"ಚೀಟಿ ಕೊರ್ಲೆ" ಅಂದಳು.
ಇಪ್ಪತ್ತೆರಡು ವರ್ಷದಲ್ಲಿ ಕೇಳದ ಚೀಟಿ.
ಪುಸ್ತಕ ಹುಡುಕಿದೆ, ಕಾರ್ಬನ್ ಒಣಗಿ ಹೋಗಿತ್ತು,
ತಾರೀಕು ತಪ್ಪಿ, ಹೊಡೆದು, ಮತ್ತೆ ಬರೆದೆ.
ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡು
ಮೆಟ್ಟಿಲು ಇಳಿದಳು.
"ಬರ್ಪೆ" ಎನ್ನಲಿಲ್ಲ.

ಯಂತ್ರ ಬರೆದದ್ದು, ನಾನಲ್ಲ ಎನ್ನಬಹುದಿತ್ತು.
ಆದರೆ ಹೆಸರು ನನ್ನದು.
ಮತ್ತು, ಇದನ್ನು ಅಳಿಯನಿಗೂ ಹೇಳಿಲ್ಲ,
ಆ ದುಡ್ಡನ್ನು ಆ ಸಂಜೆಯೇ
ತೂತುಕುಡಿಗೆ ಕಳಿಸಿದೆ. ಬೇಕಿತ್ತು.

ಆಟಿಯ ಮೊದಲ ವಾರ, ಮಳೆ ಸ್ವಲ್ಪ ಬಿಟ್ಟಾಗ,
ದಕ್ಕೆಯ ಕಡೆ ಹೋದೆ. ಟಾರ್ಪಾಲಿನ ಕೆಳಗೆ ಕೂತಿದ್ದಳು,
ಎದುರು ನಂಗು, ಬಂಗುಡೆ, ಸೀಳಿದ ತೊರಕೆ,
ಅವುಗಳ ಮೇಲೆ ಬೆಳ್ಳಗೆ ನನ್ನ ಉಪ್ಪು.
ಇಲ್ಲ, ನನ್ನದಲ್ಲ. ಚೀಟಿ ಇದೆ ಅವಳಲ್ಲಿ.

ಅರ್ಧ ಕಿಲೋ ನಂಗು ಅಂದೆ.
ನೂರ ತೊಂಬತ್ತು ಅಂದಳು, ಬೇರೆ ಯಾರಿಗೋ ಹೇಳಿದ ಹಾಗೆ.
ಕಿಸೆಯಲ್ಲಿ ಇನ್ನೂರರ ನೋಟಿತ್ತು. ಅದನ್ನು ಅಲ್ಲೇ ಬಿಟ್ಟು
ಒಂದು ನೂರು, ಒಂದು ಐವತ್ತು, ಒಂದು ಇಪ್ಪತ್ತು,
ಐದು, ಎರಡು, ಒಂದು ಎಂದು ಅವಳ ಕೈಗೆ ಎಣಿಸಿ
"ಹನ್ನೆರಡು ಕಮ್ಮಿ ಇದೆ, ವಾರಿಜಕ್ಕ. ಇರಲಿ?" ಅಂದೆ.

ಪಕ್ಕದವಳು ನಕ್ಕಳು:
ಉಪ್ಪಿನ ಸಾಹುಕಾರ್ರಿಗೆ ಹನ್ನೆರಡು ರೂಪಾಯಿಗೂ ಗತಿ ಇಲ್ಲವಾ!
ವಾರಿಜಕ್ಕ ನಗಲಿಲ್ಲ.
ಕೈಯಲ್ಲಿದ್ದ ಒಂದರ ನಾಣ್ಯವನ್ನು ಎರಡೂ ಬದಿ ತಿರುಗಿಸಿ ನೋಡಿದಳು.
ಆಮೇಲೆ ತಕ್ಕಡಿಗೆ ಇನ್ನೊಂದು ಸಣ್ಣ ಮೀನು ಎಸೆದು,
ಪೇಪರು ಸುತ್ತಿ, ದಾರ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ,
"ಆಟಿ ಮುಗಿಯುವ ಮೊದಲು ತನ್ನಿ" ಅಂದಳು,
"ಇಲ್ಲದಿದ್ದರೆ ಮೆಸೇಜು ಹಾಕುತ್ತೇನೆ."