ಹದಿನೇಳು ದಿನ

ಉದ್ಯಮಬಾಗದ ಗಾಳಿಗೆ ಸುಟ್ಟ ಉಸುಕಿನ ವಾಸನೆ.
ನನ್ನ ಕೋಣೆಯ ಕಿಟಕಿ ತೆರೆಯುವುದು ಎರಕದ ಶೆಡ್ಡಿನ ಕಡೆಗೆ;
ಬೇರೆ ಸಾಹೇಬರದೆಲ್ಲ ಗುಲ್‌ಮೊಹರಿನ ಕಡೆಗೆ.
ಹನ್ನೊಂದು ವರ್ಷದ ಹಿಂದೆ ನಾನೇ ಕೇಳಿ ಪಡೆದ ಕೋಣೆ.
ಏನು ಮಾಡುತ್ತೀರೆಂದು ನೋಡದೆ ಹೇಗೆ ಸಮರ್ಥಿಸಲಿ, ಎಂದಿದ್ದೆ.
ಆಗ ಎಲ್ಲರೂ ತಲೆದೂಗಿದ್ದರು.

ನೌಕರಿಗೆ ಸೇರುವಾಗ ಸನದು ಅಮಾನತಿನಲ್ಲಿಡಬೇಕು, ನಿಯಮ.
ಕರಿ ಕೋಟನ್ನು ತಿಲಕವಾಡಿಯ ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಗೆ
ತೂಗಿಬಿಟ್ಟೆ. ಎರಡು ವರ್ಷ ಒಗೆದು ಇಸ್ತ್ರಿ ಮಾಡಿದೆ,
ಆಮೇಲೆ ಅದರ ಜೇಬಿನಲ್ಲಿ ಅವ್ವ ಲೈಟಿನ ಬಿಲ್ಲು ಇಡತೊಡಗಿದಳು.
ಕೋರ್ಟಿನ ಆವರಣದಲ್ಲಿ ಹಳೆಯ ಗೆಳೆಯರು ಸಿಕ್ಕರೆ
"ಏನವಾ ಉಪಾಧ್ಯೆ, ಒಬ್ಬನ ಪಕ್ಷಗಾರನ ಜೋಡಿ ಸಂಸಾರ ಹೆಂಗ ನಡದೈತಿ?"
ನಗುತ್ತೇನೆ.
ಫೀಸು ತಿಂಗಳ ಕೊನೆಗೆ ತಪ್ಪದೆ ಬರುತ್ತದೆ;
ವಕಾಲತ್ತು ಹಿಂತೆಗೆದುಕೊಳ್ಳುವ ಅರ್ಜಿಗೆ ಮಾತ್ರ ನಮೂನೆಯಿಲ್ಲ.

ಶೆಡ್ಡಿನಲ್ಲಿ, ಮಾರಾಟ ವಿಭಾಗದಲ್ಲಿ, ಕ್ಯಾಂಟೀನಿನಲ್ಲೂ
ನನ್ನ ಹೆಸರು "ಬ್ಯಾಡ ಬಾಯಿ".
ಹೌದು ಎಂದ ನೂರಾರು ಕಾಗದ ಯಾರಿಗೂ ನೆನಪಿಲ್ಲ.

ಏಪ್ರಿಲ್ ಹದಿನೇಳು, ಎರಡನೆಯ ಪಾಳಿ.
ಕ್ರೇನಿನ ಸರಪಳಿಯ ಒಂದು ಕೊಂಡಿ ಬಾಯಿ ಬಿಟ್ಟು
ಕರಗಿದ ಕಬ್ಬಿಣ ಚೆಲ್ಲಿತು.
ಮುತಗಾದ ನಾಗೋಜಿ ಕಡೋಲಕರನ ಎಡಗಾಲು
ಮೊಣಕಾಲ ಕೆಳಗೆ ಈಗ ಇಲ್ಲ.
ಸರಪಳಿ ಪರೀಕ್ಷೆಯ ಅವಧಿ ಮಾರ್ಚ್ ಮೂವತ್ತೊಂದಕ್ಕೇ ಮುಗಿದಿತ್ತು.
ಫೆಬ್ರವರಿಯಲ್ಲಿ ನಾನೇ ಕಳಿಸಿದ ನೆನಪೋಲೆಯ ಕೆಳಗೆ
ಹಸಿರು ಶಾಯಿಯಲ್ಲಿ "ನೋಡೋಣ" ಎಂದಿತ್ತು.
ಆ ಅಕ್ಷರ ಯಾರದೆಂದು ನನಗೆ ಗೊತ್ತು.

ಶಿರಗುಪ್ಪಿ ಸಾಹೇಬರು ಕೂಗಲಿಲ್ಲ. ಕೂಗಿದ್ದರೆ ಸುಲಭವಿತ್ತು.
ಕುಂದಾದ ಡಬ್ಬಿ ಮುಂದೆ ಸರಿಸಿದರು.
"ತಗೋರಿ. ಪರೀಕ್ಷಾ ಮಾಡಾಂವ ನಮ್ಮಾಂವ ಅದಾನ,
ಮಾರ್ಚ್ ಇಪ್ಪತ್ತೆಂಟು ಅಂತ ಹಾಕಿ ಕೊಡ್ತಾನ.
ನಾಗೋಜಿಗೆ ಮನಿ ಕಟ್ಟಸ್ತೀನಿ, ಮಗಳ ಸಾಲಿ ನೋಡ್ತೀನಿ.
ಆರನೂರು ಮಂದಿ ಅನ್ನದ ಪ್ರಶ್ನೆ ಐತ್ರಿ ಬಾಯಿಯವರ,
ನೀವು ಬರೇ ಉತ್ತರ ಬರದು ಕೊಡ್ರಿ."
ಅವರು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ.
ಮನೆ ಕಟ್ಟಿಸುತ್ತಿದ್ದರು. ಖಂಡಿತ.

ಬ್ಯಾಡ ಎನ್ನಲು ಬಾಯಿ ತೆರೆದೆ, ಬರಲಿಲ್ಲ.
ಹನ್ನೊಂದು ವರ್ಷ ಬಳಸಿ ಸವೆದ ಶಬ್ದ.
"ನಾಳೆ ಹೇಳ್ತೀನ್ರಿ" ಎಂದು ಎದ್ದೆ.
ಕುಂದಾ ತಿಂದಿದ್ದೆ.

ಕೋಣೆಯಲ್ಲಿ ಸಮೀನಾ ನದಾಫ, ಸೇರಿ ನಾಲ್ಕು ತಿಂಗಳು,
ಫ್ಯಾಕ್ಟರಿ ಇನ್ಸ್‌ಪೆಕ್ಟರರಿಗೆ ಉತ್ತರ ಟೈಪು ಮಾಡುತ್ತ
ದಿನಾಂಕದ ಜಾಗ ಖಾಲಿ ಬಿಟ್ಟು ಕೇಳಿದಳು,
"ಮ್ಯಾಡಮ್, ಇಲ್ಲಿ ಏನ ಬರೀಲಿ?"
ನನ್ನ ಮುಖ ನೋಡಲಿಲ್ಲ. ಕೀಲಿಮಣೆ ನೋಡುತ್ತಿದ್ದಳು.
ಅವಳಿಗೂ ಸುದ್ದಿ ತಲುಪಿತ್ತು.
ನಾಯಕತ್ವದ ತರಬೇತಿಗೆಂದು ಎರಡು ಸಲ ಪುಣೆಗೆ ಕಳಿಸಿದ್ದರು ನನ್ನನ್ನು,
ಬಣ್ಣದ ಚೀಟಿ ಗೋಡೆಗೆ ಅಂಟಿಸಿ ಬಂದಿದ್ದೆ.
ಇಂಥ ಒಂದು ಖಾಲಿ ಜಾಗದ ಬಗ್ಗೆ
ಅಲ್ಲಿ ಯಾರೂ ಹೇಳಲಿಲ್ಲ.

ಕಿಟಕಿಯಾಚೆ ಭರಮಾ ಮೇಸ್ತ್ರಿ
ತಣಿದ ಎರಕಗಳನ್ನು ಸುತ್ತಿಗೆಯಿಂದ ಬಡಿಬಡಿದು ಕಿವಿಗೊಡುತ್ತಿದ್ದ.
ಗಟ್ಟಿಯಿದ್ದರೆ ಗಂಟೆ, ಒಳಗೆ ಒಡಕಿದ್ದರೆ ಮಡಕೆ.
ಕಣ್ಣಿಗೆ ಎರಡೂ ಒಂದೇ.
ಟಣ್. ಟಣ್. ಟಪ್.
ಅದನ್ನು ಬದಿಗೆ ಎಸೆದ, ಸಿಟ್ಟಿಲ್ಲದೆ. ಮತ್ತೆ ಕುಲುಮೆಗೆ.

"ಇದ್ದದ್ದು ಬರಿ" ಅಂದೆ. "ಹದಿನೇಳು ದಿನ ತಡಾ ಅಂತನ ಬರಿ.
ಪರಿಹಾರದ ಪ್ಯಾರಾ ನಾ ಬರೀತೀನಿ. ಮನಿ, ಸಾಲಿ,
ಸಾಹೇಬರು ಅಂದದ್ದು ಒಂದೂ ಬಿಡದಂಗ.
ಸಹಿ ಅವರದು."

ಕರಡು ಅವರ ಮೇಜಿಗೆ ಹೋಗಿ ಮೂರು ದಿನ.
ಹಸಿರು ಶಾಯಿ ಇನ್ನೂ ಬಂದಿಲ್ಲ.
ನಿನ್ನೆ ರಾತ್ರಿ ಮೊಳೆಯಿಂದ ಕೋಟು ಇಳಿಸಿದೆ,
ಬಿಲ್ಲುಗಳನ್ನು ತೆಗೆದೆ, ಕೊಡವಿ ತೊಟ್ಟು ನೋಡಿದೆ.
ಭುಜಕ್ಕೆ ಬಿಗಿ.
"ಎಲ್ಲಿಗೆ ಹೊಂಟಿ ಇಷ್ಟೊತ್ತಿನ್ಯಾಗ?" ಅವ್ವ.
"ಎಲ್ಲಿಗೂ ಇಲ್ಲ.
ಹೊಲಿಗಿ ಬಿಚ್ಚಿದ್ರ ಒಳಗ ಎಷ್ಟು ಅರಿವಿ ಉಳದೈತಿ, ನೋಡವಾ."